ತುರಿಕೆ ನಿಂತಿತು, ರೋಗ ಉಳಿಯಿತು

ರೋಗಗಳಲ್ಲಿಯೂ ಮರ್ಯಾದೆಯ ರೋಗ, ನಾಚಿಕೆಯ ರೋಗ ಎಂಬ ಭೇದವನ್ನು ನಮ್ಮ ಸಮಾಜ ಮಾಡಿಕೊಂಡಿದೆ. ಎದೆನೋವು ಬಂದವನನ್ನು ಮಾತನಾಡಿಸಲು ಊರೆಲ್ಲ ಬರುತ್ತದೆ. ತೊಡೆಸಂದಿಯಲ್ಲಿ ಗಜಕರ್ಣ ಎದ್ದವನು ಮಾತ್ರ ಯಾರಿಗೂ ಹೇಳದೆ ಕತ್ತಲಲ್ಲಿ ಕೆರೆದುಕೊಳ್ಳುತ್ತಾನೆ. ಹೆಣ್ಣುಮಕ್ಕಳಂತೂ ಸೊಂಟದ ಸುತ್ತ ಹುಣ್ಣಾಗುವ ತನಕ ಮನೆಯವರಿಗೂ ತಿಳಿಸುವುದಿಲ್ಲ. ಕೊಲ್ಲದ ರೋಗವೆಂದು ಸರಕಾರ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ನಾಚಿಕೆಯ ರೋಗವೆಂದು ಜನ ಇದನ್ನು ಬಾಯಿಗೆ ತರುವುದಿಲ್ಲ. ಇಬ್ಬರೂ ಸುಮ್ಮನಿರುವಲ್ಲಿ ವ್ಯಾಪಾರವೊಂದು ಚೆನ್ನಾಗಿ ಬೆಳೆದಿದೆ. ಈ ವಾರ ನಾವು ಅದರ ಮಾತನ್ನೇ ಆಡಬೇಕೆಂದಿದ್ದೇವೆ. ಒಂದು ಮುಲಾಮಿನ ಟ್ಯೂಬಿನ ಬಗ್ಗೆ ರಾಜಕೀಯ ಪತ್ರಿಕೆ ಸಂಪಾದಕೀಯ ಬರೆಯುವುದೇ ಎಂದು ಮೂಗು ಮುರಿಯುವವರು ಕೊನೆಯ ತನಕ ಓದಲಿ ಎಂದು ವಿನಂತಿ.

ಗಜಕರ್ಣ ಅಥವಾ ಹುಳುಕಡ್ಡಿ ಯಾರಿಗೆ ಬರುತ್ತದೆ? ಬೆವರಿದವರಿಗೆ ಬರುತ್ತದೆ, ಒದ್ದೆಯಲ್ಲಿ ನಿಂತವರಿಗೆ ಬರುತ್ತದೆ, ಇಕ್ಕಟ್ಟಿನಲ್ಲಿ ಮಲಗಿದವರಿಗೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನವಿಯ ಗದ್ದೆಗಳಲ್ಲಿ ದಿನವಿಡೀ ಮೊಣಕಾಲು ನೀರಿನಲ್ಲಿ ಬಾಗಿ ಭತ್ತದ ನಾಟಿ ಹಚ್ಚುವ ಹೆಂಗಸರಿಗೆ, ದೇವದುರ್ಗದ ಕರಿಮಣ್ಣಿನ ಬಿಸಿಲಿನಲ್ಲಿ ಹತ್ತಿ ಬಿಡಿಸುವವರಿಗೆ, ರಾಯಚೂರಿನ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಿಗೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಹತ್ತು ಜನ ಒಂದೇ ಹಾಸಿಗೆಯ ಮೇಲೆ ಮಲಗುವವರಿಗೆ ಬರುತ್ತದೆ. ಒಂದೇ ಟವೆಲಿನಲ್ಲಿ ನಾಲ್ವರು ಮೈ ಒರೆಸಿಕೊಳ್ಳುವ ವಿದ್ಯಾರ್ಥಿನಿಲಯದ ಹುಡುಗರಿಗೆ ಬರುತ್ತದೆ. ರಕ್ತ ಕೆಟ್ಟು ಬರುವುದಲ್ಲ, ಉಷ್ಣದಿಂದ ಬರುವುದಲ್ಲ, ಯಾರ ಶಾಪದಿಂದಲೂ ಬರುವುದಲ್ಲ. ಒದ್ದೆ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಕುಲಕ್ಕೇ ಸೇರಿದ ಶಿಲೀಂಧ್ರವೊಂದು ಚರ್ಮದ ಮೇಲ್ಪದರವನ್ನು ತಿಂದು ಬದುಕುತ್ತದೆ. ಅದು ಉಂಗುರದಂತೆ ಅಂಚು ಕಟ್ಟಿಕೊಂಡು ಹರಡುತ್ತದೆ. ಬಟ್ಟೆ, ಟವೆಲು, ಹಾಸಿಗೆಗಳ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಇಷ್ಟೇ ಇದರ ರಹಸ್ಯ.

ಇದಕ್ಕೆ ಮದ್ದಿಲ್ಲವೆಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಆರ್ಥರ್ ವಿಟ್‌ಫೀಲ್ಡ್ ಎಂಬ ಆಂಗ್ಲ ವೈದ್ಯ ಬೆಂಜಾಯಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲಗಳನ್ನು ಸೇರಿಸಿ ಒಂದು ಅಗ್ಗದ ಮುಲಾಮು ಮಾಡಿದ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಅದು ಹಿಂದೆ ಇತ್ತು. ಆಮೇಲೆ ಕ್ಲೋಟ್ರಿಮಜೋಲ್, ಮೈಕೊನಜೋಲ್, ಟರ್ಬಿನಾಫಿನ್ ಮುಂತಾದ ಮುಲಾಮುಗಳು ಬಂದವು. ಇವುಗಳ ಕೆಲಸ ಒಂದೇ: ಶಿಲೀಂಧ್ರದ ಕೋಶಕ್ಕೆ ಗೋಡೆಯಂತಿರುವ ಪೊರೆಯನ್ನು ಕಟ್ಟಲು ಬಿಡದೆ ಅದನ್ನು ಸಾಯಿಸುವುದು. ನಮ್ಮ ದೇಶದ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಕ್ಲೋಟ್ರಿಮಜೋಲ್ ಇದೆ. ಇದು ನಿಧಾನವಾಗಿ ಕೆಲಸ ಮಾಡುವ, ತಾಳ್ಮೆ ಬೇಡುವ ಮದ್ದು; ಆದರೆ ಪ್ರಾಮಾಣಿಕ ಮದ್ದು.

ಅಪ್ರಾಮಾಣಿಕ ಮದ್ದು ಬೇರೊಂದಿದೆ. ನಮ್ಮವರ ಕೈಗೆ ಬಹಳ ಸಲ ಬರುವುದು ಅದೇ. ಶಿಲೀಂಧ್ರದ ಮದ್ದು, ಒಂದೆರಡು ಬ್ಯಾಕ್ಟೀರಿಯಾದ ಮದ್ದು, ಅದರ ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೆರಾಯ್ಡ್, ಇಷ್ಟನ್ನೂ ಒಂದೇ ಟ್ಯೂಬಿನಲ್ಲಿ ತುಂಬಿದ ಬೆರಕೆ ಮುಲಾಮು ಅದು. ಸ್ಟೆರಾಯ್ಡ್ ಕೆಟ್ಟ ವಸ್ತುವಲ್ಲ. ೧೯೫೨ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ಅಮೆರಿಕದ ವೈದ್ಯರು ಮೊದಲ ಬಾರಿಗೆ ಅದನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡಂದಿನಿಂದ ಇಸುಬು ಮೊದಲಾದ ಎಷ್ಟೋ ರೋಗಗಳಿಗೆ ಅದು ಆಸರೆಯಾಗಿದೆ. ಆದರೆ ಅದು ಮಾಡುವ ಕೆಲಸ ಉರಿ, ಕೆಂಪು, ತುರಿಕೆಗಳನ್ನು ಅಡಗಿಸುವುದು. ಮೈಯೊಳಗೆ ಕಳ್ಳ ಹೊಕ್ಕಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಬೊಗಳುವುದು ನಿಂತಿತೆಂದು ಮನೆಯವರು ನಿದ್ದೆ ಹೋಗುತ್ತಾರೆ. ಕಳ್ಳ ಒಳಗೇ ಇರುತ್ತಾನೆ.

ಎರಡು ದಿನದಲ್ಲಿ ತುರಿಕೆ ಮಾಯವಾಗುತ್ತದೆ. ‘ಎಂಥ ಔಷಧ!’ ಎಂದು ಟ್ಯೂಬನ್ನು ಪಕ್ಕದ ಮನೆಯವರಿಗೂ ಕೊಡುತ್ತಾರೆ. ಹಚ್ಚುವುದು ಬಿಟ್ಟ ಎಂಟು ದಿನಕ್ಕೆ ಮೊದಲಿಗಿಂತ ಅಗಲವಾಗಿ ಮತ್ತೆ ಏಳುತ್ತದೆ. ಮತ್ತೆ ಅದೇ ಟ್ಯೂಬು. ತಿಂಗಳುಗಟ್ಟಲೆ ಹೀಗೆ ನಡೆದರೆ ತೊಡೆಯ ಚರ್ಮ ಕಾಗದದಂತೆ ತೆಳುವಾಗಿ ಸೀಳುಗೆರೆಗಳು ಬೀಳುತ್ತವೆ. ಆ ಗೆರೆಗಳು ಆಯುಷ್ಯವಿಡೀ ಹೋಗುವುದಿಲ್ಲ. ಮುಖಕ್ಕೆ ಹಚ್ಚಿದವರ ಮುಖ ಬಿಸಿಲು ಕಂಡರೆ ಉರಿಯುತ್ತದೆ. ಅಷ್ಟೇ ಅಲ್ಲ, ಉಂಗುರದ ಅಂಚು ಅಳಿಸಿಹೋಗಿ ರೋಗದ ಗುರುತೇ ಸಿಗದಂತಾಗುತ್ತದೆ. ಹೀಗೆ ವೇಷ ಮರೆಸಿಕೊಂಡ ಗಜಕರ್ಣವನ್ನು ಬ್ರಿಟನ್ನಿನ ಇಬ್ಬರು ವೈದ್ಯರು ೧೯೬೮ರಲ್ಲಿಯೇ ವರ್ಣಿಸಿ ಎಚ್ಚರಿಸಿದ್ದರು. ಅರ್ಧ ಶತಮಾನದ ಹಿಂದೆಯೇ ತಿಳಿದಿದ್ದ ಈ ಅಪಾಯವನ್ನು ನಮ್ಮ ದೇಶದ ಕಂಪನಿಗಳು ತಿಳಿಯದೆ ಮಾರಿದವೆಂದು ನಂಬುವುದು ಹೇಗೆ?

ಇದರ ಫಲ ಇಂದು ಇಡೀ ದೇಶದ ಮೈಮೇಲೆ ಕಾಣುತ್ತಿದೆ. ಹಿಂದೆ ಮೂರು ನಾಲ್ಕು ವಾರದಲ್ಲಿ ಬಗ್ಗುತ್ತಿದ್ದ ಗಜಕರ್ಣ ಈಗ ತಿಂಗಳುಗಟ್ಟಲೆ ಬಗ್ಗುವುದಿಲ್ಲ. ಭಾರತ ಮತ್ತು ನೇಪಾಳದ ರೋಗಿಗಳ ಚರ್ಮದಿಂದ ತೆಗೆದ ಶಿಲೀಂಧ್ರವನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು ೨೦೨೦ರಲ್ಲಿ ಅದಕ್ಕೆ ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂದು ಹೊಸ ಹೆಸರಿಟ್ಟರು. ಟರ್ಬಿನಾಫಿನ್ ಮದ್ದಿಗೆ ಅದರ ಹಲವು ತಳಿಗಳು ಜಗ್ಗುವುದಿಲ್ಲ. ೨೦೨೩ರಲ್ಲಿ ಅದು ನ್ಯೂಯಾರ್ಕಿನ ಇಬ್ಬರು ಹೆಂಗಸರಲ್ಲಿ ಕಂಡುಬಂದಾಗ ಅಮೆರಿಕದ ಪತ್ರಿಕೆಗಳು ದೊಡ್ಡದಾಗಿ ಬರೆದವು. ಹೆಸರಿನಲ್ಲಿಯೇ ನಮ್ಮ ದೇಶವನ್ನು ಹೊತ್ತ ರೋಗ ಅದು! ಇದಕ್ಕೆ ಸ್ಟೆರಾಯ್ಡ್ ಬೆರಕೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಸೆಕೆ, ಇಕ್ಕಟ್ಟು, ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಎಲ್ಲವೂ ಸೇರಿವೆ. ಆದರೆ ಬೆರಕೆ ಮುಲಾಮಿನ ದುರ್ಬಳಕೆ ದೊಡ್ಡ ಕಾರಣಗಳಲ್ಲಿ ಒಂದೆಂದು ಈ ದೇಶದ ಚರ್ಮರೋಗ ತಜ್ಞರೇ ವರ್ಷಗಟ್ಟಲೆ ಕೂಗಿ ಹೇಳಿದ್ದಾರೆ.

ಸರಕಾರ ಏನು ಮಾಡಿತು? ಕಾನೂನು ಮಾಡಿತು, ತಡವಾಗಿ ಮಾಡಿತು. ೧೯೪೦ರ ಔಷಧ ಕಾಯ್ದೆಯಡಿ ೧೯೪೫ರಲ್ಲಿ ಆದ ನಿಯಮಗಳಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳಿಗೆ ‘ಎಚ್’ ಎಂಬ ಅನುಸೂಚಿಯೊಂದಿದೆ. ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡ್ ಮುಲಾಮುಗಳು ವಿನಾಯಿತಿಯ ಕಿಂಡಿಯಿಂದ ಅದರೊಳಗಿಂದ ನುಸುಳಿಕೊಂಡಿದ್ದವು. ಅಂಥ ೧೪ ಸ್ಟೆರಾಯ್ಡುಗಳಿಗೆ ಆ ಕಿಂಡಿ ಮುಚ್ಚಿದ್ದು ೨೦೧೮ರ ಮಾರ್ಚಿನಲ್ಲಿ! ಅರ್ಥವಿಲ್ಲದ ಬೆರಕೆ ಔಷಧಗಳನ್ನು ಪರಿಶೀಲಿಸಲು ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಪ್ರೊ. ಚಂದ್ರಕಾಂತ ಕೋಕಾಟೆಯವರ ಸಮಿತಿ ಕುಳಿತಿತ್ತು. ಅದರ ವರದಿಯ ಮೇಲೆ ೨೦೧೬ರ ಮಾರ್ಚಿನಲ್ಲಿ ಕೇಂದ್ರ ಸರಕಾರ ೩೪೪ ಬೆರಕೆಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಅದೇ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಪರಿಶೀಲಿಸಲು ಹೇಳಿತು. ೨೦೧೮ರ ಸೆಪ್ಟೆಂಬರಿನಲ್ಲಿ ೩೨೮ ಬೆರಕೆಗಳು ನಿಷೇಧವಾದವು. ಆ ಪಟ್ಟಿಯಲ್ಲಿ ಕ್ಲೋಬೆಟಸಾಲ್ ಬೆರೆಸಿದ ಹಲವು ಚರ್ಮದ ಮುಲಾಮುಗಳೂ ಇದ್ದವು. ಇಷ್ಟೆಲ್ಲ ಆದರೂ ಒಂದು ಬೆರಕೆ ಹೋದರೆ ಇನ್ನೊಂದು ಬೆರಕೆ ಬರುತ್ತದೆ. ಚೀಟಿ ಕೇಳದೆ ಕೊಡುವ ಅಂಗಡಿಗೆ ಈ ದೇಶದಲ್ಲಿ ಬರವಿಲ್ಲ.

ಕಾನೂನು ದಿಲ್ಲಿಯಿಂದ ಹೊರಟು ದೇವದುರ್ಗಕ್ಕೆ ಏಕೆ ಬರುವುದಿಲ್ಲ? ಅಂಗಡಿಯವನ ದುರಾಸೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಮೂಢ ಜನ, ತಿಳಿವಳಿಕೆ ಇಲ್ಲ ಎನ್ನುವುದು ಇನ್ನೂ ಸುಲಭ. ನಾವು ಎರಡನ್ನೂ ಒಪ್ಪುವುದಿಲ್ಲ. ಚೀಟಿ ಬರೆಯುವ ವೈದ್ಯನೇ ಕೈಗೆ ಸಿಗದಿರುವಾಗ ಚೀಟಿ ಇಲ್ಲದೆ ಕೊಳ್ಳಬೇಡ ಎನ್ನುವ ಕಾನೂನು ಬಡವನ ಮಟ್ಟಿಗೆ ಅರ್ಧ ಕಾನೂನು. ಜಿಲ್ಲೆಗೆ ೨೦೦೭ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ನಮ್ಮ ರಿಮ್ಸ್ ಬಂತು. ಅದನ್ನು ನಾವು ಮನಃಪೂರ್ವಕ ಸ್ವಾಗತಿಸಿದವರೇ. ಆದರೆ ದೇವದುರ್ಗದಿಂದ, ಮಾನವಿಯಿಂದ ರಾಯಚೂರಿಗೆ ಹೆಚ್ಚುಕಡಿಮೆ ಐವತ್ತು ಕಿಲೋಮೀಟರು. ಒಳಗಿನ ಹಳ್ಳಿ ತಾಂಡಾಗಳಿಂದ ಇನ್ನೂ ದೂರ. ತುರಿಕೆಗೆಂದು ಒಂದು ದಿನದ ಕೂಲಿ ಕಳೆದು, ಬಸ್ಸಿನ ಚಾರ್ಜು ತೆತ್ತು, ಸಾಲಿನಲ್ಲಿ ನಿಲ್ಲುವವರು ಯಾರು? ಅದಕ್ಕಿಂತ ಊರಿನ ಆರ್.ಎಂ.ಪಿ. ಕೊಟ್ಟದ್ದು, ಅಂಗಡಿಯ ಹುಡುಗ ಕೊಟ್ಟದ್ದು ವಾಸಿ ಎನ್ನುತ್ತಾರೆ. ಅವರ ಲೆಕ್ಕ ತಪ್ಪಲ್ಲ; ಅವರಿಗೆ ಆ ಲೆಕ್ಕ ಹಾಕುವ ಸ್ಥಿತಿ ತಂದಿಟ್ಟ ವ್ಯವಸ್ಥೆ ತಪ್ಪು.

ಇನ್ನು ಟ್ಯೂಬಿನ ಮೇಲಿನ ಬರಹ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದು ಎಂಬ ಎಚ್ಚರಿಕೆ ಅದರ ಮೇಲೆ ಇದ್ದೇ ಇರುತ್ತದೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ! ೨೦೧೧ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಅರವತ್ತು ಮಂದಿಯೂ ಇರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕೂ ಕಡಿಮೆ. ಅದೂ ಯಾವುದಾದರೊಂದು ಭಾಷೆಯ ಅಕ್ಷರ. ಅವರಲ್ಲಿ ಇಂಗ್ಲಿಷಿನ ಸಣ್ಣಕ್ಷರ ಓದಿ ‘ಕ್ಲೋಬೆಟಸಾಲ್ ಪ್ರೊಪಿಯೋನೇಟ್’ ಎಂದರೆ ಇದು ಎಂದು ಹೇಳಬಲ್ಲವರೆಷ್ಟು? ಇಂಗ್ಲಿಷು ಈ ದೇಶದಲ್ಲಿ ಬಲ್ಲವರಿಗೂ ದುಡಿಯುವವರಿಗೂ ನಡುವೆ ಕಟ್ಟಿದ ಗೋಡೆ ಎಂದು ಡಾ. ರಾಮಮನೋಹರ ಲೋಹಿಯಾ ವಾದಿಸಿದಾಗ ಅದು ಭಾಷಾಭಿಮಾನದ ಹಟವೆಂದು ನಕ್ಕವರಿದ್ದರು. ನಗುವವರು ಈ ಟ್ಯೂಬನ್ನು ಕೈಯಲ್ಲಿ ಹಿಡಿದು ನೋಡಲಿ. ಓದಲಾಗದ ಎಚ್ಚರಿಕೆಯಿಂದ ಗಿರಾಕಿಗೆ ರಕ್ಷಣೆಯಿಲ್ಲ. ಅದು ರಕ್ಷಿಸುವುದು ಮಾರಿದವನನ್ನು.

ಇಷ್ಟಾದರೂ ಸರಿಯಾದ ಮುಲಾಮು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗ ಹಣದ ಲೆಕ್ಕ ಬರುತ್ತದೆ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳು ಸಹಿತ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಸೊಂಟ, ತೊಡೆಸಂದಿ ಸೇರಿ ಆರು ಅಂಗೈ ಅಗಲ ಹಬ್ಬಿದ್ದರೆ ಒಂದು ಸಲಕ್ಕೆ ಒಂದೂವರೆ ಗ್ರಾಂ, ದಿನಕ್ಕೆ ಎರಡು ಸಲ ಹಚ್ಚಿದರೆ ಮೂರು ಗ್ರಾಂ. ೧೫ ಗ್ರಾಮಿನ ಟ್ಯೂಬು ಐದೇ ದಿನಕ್ಕೆ ಮುಗಿಯಿತು. ಕಲೆ ಮಾಯಲು ನಾಲ್ಕು ವಾರ, ಮಾಯ್ದ ಮೇಲೆ ಮತ್ತೆರಡು ವಾರ ಎಂದರೆ ೪೨ ದಿನ, ೧೨೬ ಗ್ರಾಂ, ಎಂಟು ಟ್ಯೂಬು ಮುಗಿದು ಒಂಬತ್ತನೆಯದನ್ನು ಒಡೆಯಬೇಕು. ಮನೆಯಲ್ಲಿ ನಾಲ್ವರಿಗೆ ಹತ್ತಿದ್ದರೆ? ಟ್ಯೂಬಿನ ಬೆಲೆ ಎಷ್ಟೇ ಇರಲಿ, ಓದುಗರೇ ಮೂವತ್ತಾರರಿಂದ ಗುಣಿಸಿ ನೋಡಲಿ. ‘ಬಡವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ’ ಎಂದು ಪುಸ್ತಕಗಳು ದೂರುತ್ತವೆ. ಅರ್ಧಕ್ಕೆ ಬಿಡುವುದು ಸೋಮಾರಿತನದಿಂದಲ್ಲ. ಎರಡನೆಯ ಟ್ಯೂಬಿಗೆ ದುಡ್ಡಿಲ್ಲದ್ದರಿಂದ. ಅರ್ಧ ಸತ್ತ ಶಿಲೀಂಧ್ರ ಮದ್ದಿಗೆ ಒಗ್ಗಿಕೊಂಡು ಮತ್ತೆ ಎದ್ದು ಬರುತ್ತದೆ. ಅದು ಬಡವನ ಮನೆಯಲ್ಲಿ ಹುಟ್ಟಿ ಸಾಹುಕಾರನ ಮನೆಗೂ ಹೋಗುತ್ತದೆ. ಕಂಪನಿಯಂತೆ ಅದು ಗಿರಾಕಿಯ ಅಂತಸ್ತು ನೋಡುವುದಿಲ್ಲ.

ಬೇರೆ ದಾರಿ ಇಲ್ಲವೇ? ಇತ್ತು. ಈ ದೇಶ ಅದನ್ನು ಒಮ್ಮೆ ಹಿಡಿದಿತ್ತು. ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಎಂಬ ಸರಕಾರಿ ಕಾರಖಾನೆ ಹುಟ್ಟಿತು. ಮಂಡಯಂ ಮನೆತನದ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅಲ್ಲಿಯ ಸಂಶೋಧನೆಯಲ್ಲಿದ್ದರು. ಶಿಲೀಂಧ್ರ ರೋಗಗಳಿಗೆಂದೇ ‘ಹಮೈಸಿನ್’ ಎಂಬ ಮದ್ದನ್ನು ಕಂಡುಹಿಡಿದದ್ದು ಆ ಕಾರಖಾನೆಯೇ. ಜನರ ಹಣದಿಂದ ನಡೆದ ಕಾರಖಾನೆ ಜನರ ರೋಗದ ಬಗ್ಗೆ ಯೋಚಿಸಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ೧೯೭೫ರ ಹಾಥಿ ಸಮಿತಿ ಕಂಪನಿಗಳ ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ತೆಗೆದು ಔಷಧದ ಮೂಲ ಹೆಸರಿನಲ್ಲಿಯೇ ಮಾರಬೇಕೆಂದು ಶಿಫಾರಸು ಮಾಡಿತು. ಆ ವರದಿ ಕಪಾಟು ಸೇರಿತು. ನಮ್ಮ ರಾಜ್ಯದಲ್ಲಿಯೂ ೧೯೮೧ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಎಂಬ ಸರಕಾರಿ ಕಂಪನಿ ಸ್ಥಾಪನೆಯಾಯಿತು. ತಮಿಳುನಾಡು ೧೯೯೪ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಕಟ್ಟಿ, ಇಡೀ ರಾಜ್ಯದ ಸರಕಾರಿ ಆಸ್ಪತ್ರೆಗಳಿಗೆ ಔಷಧಗಳನ್ನು ಮೂಲ ಹೆಸರಿನಲ್ಲಿ ಒಟ್ಟಾಗಿ ಕೊಂಡು ಹಂಚುವ ವ್ಯವಸ್ಥೆ ಮಾಡಿತು.

ಇನ್ನೂ ಹತ್ತಿರದ ಉದಾಹರಣೆ ಕುಷ್ಠರೋಗ. ಗಜಕರ್ಣಕ್ಕಿಂತ ನೂರು ಪಾಲು ನಾಚಿಕೆ, ಬಹಿಷ್ಕಾರಗಳನ್ನು ಹೊತ್ತ ರೋಗ ಅದು. ೧೯೮೩ರಿಂದ ಸರಕಾರ ಅದರ ನಿರ್ಮೂಲನೆಯ ಕಾರ್ಯಕ್ರಮ ಹಾಕಿಕೊಂಡು ತಿಂಗಳ ಗುಳಿಗೆಗಳನ್ನು ಲೆಕ್ಕ ಮಾಡಿ, ಪೂರ್ತಿ ಅವಧಿಗೆ, ಪುಕ್ಕಟೆಯಾಗಿ, ಮನೆ ಬಾಗಿಲ ಹತ್ತಿರ ಕೊಟ್ಟಿತು. ರೋಗ ತಗ್ಗಿತು. ಬಡವ ಅಲ್ಲಿ ಮದ್ದನ್ನು ಪೂರ್ತಿ ಮಾಡಿದ, ಏಕೆಂದರೆ ಪೂರ್ತಿ ಮದ್ದು ಅವನ ಕೈಗೆ ಬಂತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಅಸಾಧ್ಯ?

ರಾಯಚೂರಿಗೆ ಏಮ್ಸ್ ಬೇಕೆಂದು ೨೦೨೨ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿಯೂ ನಡೆಯಿತು. ಅದು ನ್ಯಾಯವಾದ ಬೇಡಿಕೆ. ಅದೇ ೨೦೨೨ರ ಬೇಸಿಗೆಯಲ್ಲಿ ಈ ನಗರದಲ್ಲಿ ನಲ್ಲಿಯ ಕೊಳಕು ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆತಿಲ್ಲ. ದೊಡ್ಡ ಆಸ್ಪತ್ರೆ ಬೇಕು. ಅದರ ಜೊತೆಗೆ ಶುದ್ಧ ನೀರೂ ಬೇಕು, ಉಪಕೇಂದ್ರದ ಕಪಾಟಿನಲ್ಲಿ ಸರಿಯಾದ ಮುಲಾಮೂ ಬೇಕು. ಮೇಲಿನದನ್ನು ಕೇಳುವಾಗ ಕೆಳಗಿನದನ್ನು ಬಿಟ್ಟರೆ, ಏಮ್ಸ್ ಬಂದ ಮೇಲೂ ದೇವದುರ್ಗದ ಹೆಣ್ಣುಮಗಳು ಅದೇ ಬೆರಕೆ ಟ್ಯೂಬನ್ನೇ ಹಚ್ಚುತ್ತಿರುತ್ತಾಳೆ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು, ಜಿಲ್ಲೆಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟೆರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮನ್ನು ಪೂರ್ತಿ ಅವಧಿಗೆ ಸಾಕಾಗುವಷ್ಟು, ಮನೆಮಂದಿಗೆಲ್ಲ ಒಟ್ಟಿಗೆ, ಪುಕ್ಕಟೆಯಾಗಿ ಕೊಡಬೇಕು. ಒಂದು ಟ್ಯೂಬು ಕೈಗಿಟ್ಟು ಕಳಿಸುವುದು ಚಿಕಿತ್ಸೆಯಲ್ಲ. ಎರಡು, ಸ್ಟೆರಾಯ್ಡ್ ಇರುವ ಪ್ರತಿ ಟ್ಯೂಬಿನ ಮೇಲೆ ‘ಗಜಕರ್ಣಕ್ಕೆ ಹಚ್ಚಬೇಡಿ’ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ, ಓದು ಬಾರದವರಿಗೆ ತಿಳಿಯುವ ಚಿತ್ರದೊಡನೆ, ಅಚ್ಚು ಹಾಕಿಸಬೇಕು. ಮೂರು, ರಿಮ್ಸ್‌ನ ಚರ್ಮರೋಗ ವೈದ್ಯರು ವಾರಕ್ಕೊಂದು ದಿನ, ಸಂತೆಯ ದಿನವೇ ಆದರೆ ಮತ್ತೂ ಒಳ್ಳೆಯದು, ದೇವದುರ್ಗ ಮತ್ತು ಮಾನವಿ ತಾಲೂಕು ಆಸ್ಪತ್ರೆಗಳಲ್ಲಿ ಕುಳಿತುಕೊಳ್ಳಬೇಕು. ನಾಲ್ಕು, ವಿದ್ಯಾರ್ಥಿನಿಲಯಗಳಲ್ಲಿ ಮಗುವಿಗೊಂದು ಟವೆಲು, ಮಗುವಿಗೊಂದು ಹಾಸಿಗೆ, ಬಟ್ಟೆ ಒಣಗಿಸಲು ಬಿಸಿಲಿನ ಜಾಗ ಇರಬೇಕು. ಐದು, ಔಷಧ ನಿಯಂತ್ರಣ ಇಲಾಖೆ ಸಣ್ಣ ಅಂಗಡಿಯವನನ್ನು ಹಿಡಿಯುವ ಮೊದಲು ಆ ಬೆರಕೆಯನ್ನು ಪೆಟ್ಟಿಗೆಗಟ್ಟಲೆ ಜಿಲ್ಲೆಗೆ ಇಳಿಸುವ ಸಗಟು ವ್ಯಾಪಾರಿಯ ಲೆಕ್ಕಪುಸ್ತಕ ತೆಗೆದು ನೋಡಬೇಕು. ದುಡ್ಡೆಲ್ಲಿ ಎಂದು ಕೇಳುವವರಿಗೆ ಒಂದೇ ಉತ್ತರ: ೩೭೧-ಜೆ ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಗೊತ್ತುಪಡಿಸಲಾಗುತ್ತದೆ. ಪ್ರದೇಶಾಭಿವೃದ್ಧಿ ಎಂದರೆ ಕಟ್ಟಡವೊಂದೇ ಅಲ್ಲ. ಈ ಪ್ರದೇಶದ ಮನುಷ್ಯರ ಮೈ ಚರ್ಮವೂ ಪ್ರದೇಶಕ್ಕೆ ಸೇರಿದ್ದೇ.

ಸರಕಾರ ಎಚ್ಚರಾಗುವ ತನಕ ರೋಗ ಕಾಯುವುದಿಲ್ಲ. ಆದ್ದರಿಂದ ಸಂಗಾತಿಗಳು ಈ ಮುಂದಿನ ಮಾತುಗಳನ್ನು ಓದು ಬಾರದವರಿಗೆ ಓದಿ ಹೇಳಬೇಕು. ಟ್ಯೂಬು ಕೊಳ್ಳುವಾಗ ‘ಇದರಲ್ಲಿ ಸ್ಟೆರಾಯ್ಡ್ ಇದೆಯೇ?’ ಎಂದು ಬಾಯಿಬಿಟ್ಟು ಕೇಳಿರಿ. ಹೆಸರಿನಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂದಿದ್ದರೆ ಗಜಕರ್ಣಕ್ಕೆ ಬೇಡವೆನ್ನಿರಿ. ದಿನಾ ಸ್ನಾನ ಮಾಡಿ, ಸಂದುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿಯೇ ಮುಲಾಮು ಹಚ್ಚಿರಿ. ಕಲೆಯ ಮೇಲಷ್ಟೇ ಅಲ್ಲ, ಅಂಚಿನಿಂದ ಎರಡು ಸೆಂಟಿಮೀಟರು ಆಚೆಗೂ, ಅಂದರೆ ಒಂದು ಬೆರಳಿನ ಅಗಲಕ್ಕೆ ತುಸು ಹೆಚ್ಚು, ದಿನಕ್ಕೆ ಎರಡು ಬಾರಿ ಹಚ್ಚಿರಿ. ತುರಿಕೆ ನಿಂತಿತೆಂದು ಬಿಡಬೇಡಿರಿ. ಕಲೆ ಪೂರ್ತಿ ಮಾಯ್ದ ಮೇಲೂ ಎರಡು ವಾರ ಮುಂದುವರಿಸಿರಿ. ಟವೆಲು, ಒಳಬಟ್ಟೆ, ಹಾಸಿಗೆ ಬೇರೆ ಇರಲಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ, ನಮ್ಮ ರಾಯಚೂರಿನಲ್ಲಿ ಬಿಸಿಲಿಗೇನೂ ಬಡತನವಿಲ್ಲ. ಮನೆಯಲ್ಲಿ ಹತ್ತಿದವರೆಲ್ಲ ಒಟ್ಟಿಗೆ ಮದ್ದು ಮಾಡಿರಿ. ಎಕ್ಕೆಯ ಹಾಲು, ಸೀಮೆಎಣ್ಣೆ ಹಚ್ಚಿ ಚರ್ಮ ಸುಟ್ಟುಕೊಳ್ಳಬೇಡಿರಿ. ತಲೆಗೆ, ಉಗುರಿಗೆ ಹತ್ತಿದ್ದರೆ, ಮೈ ತುಂಬ ಹಬ್ಬಿದ್ದರೆ, ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಬಂದಿದ್ದರೆ ವೈದ್ಯರಿಗೆ ತೋರಿಸಿಯೇ ತೀರಬೇಕು. ಗುಳಿಗೆಗಳನ್ನಂತೂ ನೀವೇ ಕೊಂಡು ನುಂಗಬೇಡಿರಿ. ಬಿಳಿಚಿದ, ಮುಟ್ಟಿದರೆ ತಿಳಿಯದ ಕಲೆ ಗಜಕರ್ಣವಲ್ಲ. ಅದಕ್ಕೆ ಕೂಡಲೇ ಸರಕಾರಿ ದವಾಖಾನೆಗೆ ಹೋಗಿರಿ, ಮದ್ದು ಪುಕ್ಕಟೆ ಇದೆ.

ಕೊನೆಯದಾಗಿ, ನಾಚಿಕೆ ಬಿಡಿರಿ. ದುಡಿದು ಬೆವರಿದ ಮೈಗೆ ಬಂದ ರೋಗದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬರುವ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಈ ಪ್ರಶ್ನೆಯನ್ನೂ ಎದ್ದು ನಿಂತು ಕೇಳಿರಿ: ‘ನಮ್ಮ ದವಾಖಾನೆಯಲ್ಲಿ ಗಜಕರ್ಣದ ಮುಲಾಮು ಇದೆಯೇ? ಎಷ್ಟು ಟ್ಯೂಬು ಇದೆ?’ ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ, ಅದರ ಒಂದು ಪ್ರತಿಯನ್ನು ನಮಗೆ ಕಳಿಸಿರಿ. ಹಳ್ಳಿ ಹಳ್ಳಿಯ ಹೆಸರು ಹಾಕಿ ಈ ಪತ್ರಿಕೆಯಲ್ಲಿ ಅಚ್ಚು ಮಾಡುತ್ತೇವೆ.